ಆಡಿದವರೇ ಕಟ್ಟಿದ ಆಟ, ಪಹಣಿ ಯಾರ ಹೆಸರಿನಲ್ಲಿ?

ಮೊಬೈಲ್ ಆಟ ಎಂದರೆ ಯಾವುದೋ ದೂರದ ಕಂಪನಿ ತಯಾರಿಸಿದ್ದು, ನಾವು ಡೌನ್‌ಲೋಡ್ ಮಾಡಿಕೊಂಡು ಆಡುವುದು. ನಮ್ಮಲ್ಲಿ ಬಹಳ ಜನರಿಗೆ ಗೊತ್ತಿರುವ ಲೆಕ್ಕ ಇಷ್ಟೇ. ಆದರೆ ಆನ್‌ಲೈನ್ ಆಟಗಳ ಚರಿತ್ರೆ ಕಂಪನಿಯಿಂದ ಶುರುವಾಗಲಿಲ್ಲ. ಸಂಬಳವಿಲ್ಲದೆ, ರಾತ್ರಿ ನಿದ್ದೆಗೆಟ್ಟು, ತಮ್ಮ ಖುಷಿಗಾಗಿ ಆಟ ಕಟ್ಟಿದ ಹುಡುಗ ಹುಡುಗಿಯರಿಂದ ಅದು ಶುರುವಾಯಿತು. ಇವತ್ತಿಗೂ ಎಷ್ಟೋ ಆಟಗಳು ನಡೆಯುತ್ತಿರುವುದು ಇಂಥ ಸ್ವಯಂಸೇವಕರ ದುಡಿಮೆಯಿಂದಲೇ.

ಹತ್ತು ಜನ ಸೇರಿ ಕಟ್ಟಿದ್ದು ಯಾರದು? ಹೊಲದ ವಿಷಯದಲ್ಲಿ ಈ ಪ್ರಶ್ನೆ ನಮಗೆ ಹೊಸದಲ್ಲ. ಉತ್ತವರು ಒಬ್ಬರು, ಪಹಣಿಯಲ್ಲಿ ಹೆಸರು ಇನ್ನೊಬ್ಬರದು ಎಂಬ ಜಗಳ ನೋಡದ ಊರಿಲ್ಲ. ಅದೇ ಜಗಳ ಆಟದ ಲೋಕದಲ್ಲೂ ಸುಮಾರು 45 ವರ್ಷಗಳಿಂದ ನಡೆಯುತ್ತಿದೆ. ಅದರ ಕೆಲವು ಮುಖ್ಯ ಘಟ್ಟಗಳನ್ನು ಈ ಬರಹದಲ್ಲಿ ಒಂದೊಂದಾಗಿ ನೋಡೋಣ.

ಎಸೆಕ್ಸ್, 1978

ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ 1978ರಲ್ಲಿ ಒಂದು ಆಟ ಬರೆಯತೊಡಗಿದ. ಅದಕ್ಕೆ ಮಡ್ ಎಂದು ಹೆಸರಿಟ್ಟ. 'ಮಲ್ಟಿ ಯೂಸರ್ ಡಂಜನ್' ಎಂಬುದರ ಚಿಕ್ಕ ರೂಪ ಅದು. ಒಂದೇ ಹೊತ್ತಿನಲ್ಲಿ ಹಲವರು ಕೂಡಿ ಆಡುವ ಆಟ ಎಂದು ಅರ್ಥ ಮಾಡಿಕೊಂಡರೆ ಸಾಕು.

ಅದರಲ್ಲಿ ಚಿತ್ರ ಇರಲಿಲ್ಲ, ಬಣ್ಣ ಇರಲಿಲ್ಲ, ಸದ್ದೂ ಇರಲಿಲ್ಲ. ಪರದೆಯ ಮೇಲೆ ಬರೀ ಅಕ್ಷರ. 'ನೀವು ಒಂದು ಇಕ್ಕಟ್ಟಾದ ದಾರಿಯಲ್ಲಿದ್ದೀರಿ' ಎನ್ನುವಂಥ ಸಾಲು ಬರುತ್ತಿತ್ತು. ಆಡುವವರು 'ಉತ್ತರಕ್ಕೆ ಹೋಗು', 'ಕತ್ತಿ ತೆಗೆದುಕೋ' ಎಂದು ಟೈಪ್ ಮಾಡಬೇಕಿತ್ತು. ಅದೇ ಹೊತ್ತಿಗೆ ಇನ್ನೊಂದು ಕೋಣೆಯಲ್ಲಿ ಕೂತವರೂ ಅದೇ ಕಾಡಿನಲ್ಲಿ ಓಡಾಡುತ್ತಿರುತ್ತಿದ್ದರು. ಕೂಡಿ ಮಾತಾಡಬಹುದಿತ್ತು, ಜಗಳವನ್ನೂ ಆಡಬಹುದಿತ್ತು. ಇವತ್ತು ಫೋನಿನಲ್ಲಿ ನೂರು ಜನ ಒಟ್ಟಿಗೆ ಆಡುವ ಆಟಗಳ ವಂಶವೃಕ್ಷ ಹಿಡಿದು ಹಿಂದಕ್ಕೆ ಹೋದರೆ ಈ ಅಕ್ಷರದ ಆಟಕ್ಕೇ ಬಂದು ನಿಲ್ಲುತ್ತೇವೆ.

ಟ್ರಬ್‌ಶಾ ಓದು ಮುಗಿಸಿ ಹೊರಟಾಗ ಆಟವನ್ನು ರಿಚರ್ಡ್ ಬಾರ್ಟಲ್ ಎಂಬ ಇನ್ನೊಬ್ಬ ವಿದ್ಯಾರ್ಥಿಯ ಕೈಗೆ ಕೊಟ್ಟ. ಬಾರ್ಟಲ್ ಅದನ್ನು ಬೆಳೆಸಿದ. ಕಂಪ್ಯೂಟರ್ ಮಾತ್ರ ವಿಶ್ವವಿದ್ಯಾಲಯದ್ದು. ಆ ಕಾಲದಲ್ಲಿ ಕಂಪ್ಯೂಟರ್ ಎಂದರೆ ಕೋಣೆ ತುಂಬುವ ಯಂತ್ರ. ಹಗಲೆಲ್ಲ ಅದರ ಮೇಲೆ ಓದಿನ ಕೆಲಸ, ಸಂಶೋಧನೆಯ ಕೆಲಸ. ಫೋನ್ ತಂತಿಯ ಮೂಲಕ ಹೊರಗಿನಿಂದ ಬರುವವರಿಗೆ ಯಂತ್ರ ಬಿಡುವಾಗಿರುವ ರಾತ್ರಿ ಹೊತ್ತಿನಲ್ಲಿ ಮಾತ್ರ ಆಡಲು ಅವಕಾಶವಿತ್ತು.

ಈ ಆಟದಲ್ಲಿ ಒಂದು ಪದ್ಧತಿ ಬಂತು. ಸಾಕಷ್ಟು ಅಂಕ ಗಳಿಸಿದ ಆಟಗಾರರು ವಿಝರ್ಡ್ ಆಗುತ್ತಿದ್ದರು, ಎಂದರೆ ಮಾಂತ್ರಿಕ. ಹೆಸರು ಕಥೆಯದಾದರೂ ಕೆಲಸ ಮೇಸ್ತ್ರಿಯದು. ಹೊಸಬರಿಗೆ ದಾರಿ ತೋರಿಸುವುದು, ಕಿಡಿಗೇಡಿಗಳನ್ನು ಹೊರಹಾಕುವುದು, ಆಟವನ್ನು ಸುಸ್ಥಿತಿಯಲ್ಲಿ ಇಡುವುದು. ಚೆನ್ನಾಗಿ ಆಡಿದವರಿಗೆ ಸಿಕ್ಕ ಬಹುಮಾನ ಏನೆಂದರೆ ಇನ್ನಷ್ಟು ಕೆಲಸ! ಆ ಕೆಲಸವನ್ನು ಅವರು ಹೆಮ್ಮೆಯಿಂದ ಮಾಡಿದರು. ಸ್ವಯಂಸೇವಕರಿಂದ ಆಟ ನಡೆಸುವ ರೂಢಿ ಹೀಗೆ ಬೇರು ಬಿಟ್ಟಿತು.

ಇಲ್ಲೇ ಮೊದಲ ಗಂಟು ಕಾಣುತ್ತದೆ. ಬರೆದದ್ದು ವಿದ್ಯಾರ್ಥಿಗಳು. ಕಾಯ್ದದ್ದು ಆಟಗಾರರು. ಯಂತ್ರ ವಿಶ್ವವಿದ್ಯಾಲಯದ್ದು. ಮೂವರೂ ಒಬ್ಬರಿಗೊಬ್ಬರು ಹೊಂದಿಕೊಂಡಿದ್ದಾಗ ಒಡೆತನದ ಪ್ರಶ್ನೆ ಏಳಲಿಲ್ಲ.

ಎಲ್ಲರೂ ಕಟ್ಟಬಹುದು, 1989

ಎಸೆಕ್ಸ್‌ನ ಆಟವನ್ನು ನೋಡಿ ಬೇರೆ ಕಾಲೇಜುಗಳ ಹುಡುಗರೂ ತಮ್ಮದೇ ಮಡ್‌ಗಳನ್ನು ಬರೆದರು. ವೇಲ್ಸ್‌ನ ಅಬರಿಸ್ಟ್‌ವಿತ್‌ನಲ್ಲಿ 1987ರಲ್ಲಿ ಅಬರ್‌ಮಡ್ ಹುಟ್ಟಿತು. ಅದನ್ನು ಬರೆದವರಲ್ಲಿ ಒಬ್ಬ ಅಲನ್ ಕಾಕ್ಸ್. ಮುಂದೆ ಲಿನಕ್ಸ್ ಕಟ್ಟಿದ ಪ್ರಮುಖರಲ್ಲಿ ಈತನೂ ಒಬ್ಬನಾದ. ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗೆ ಇರುವುದೂ ಅದೇ ಲಿನಕ್ಸ್.

ದೊಡ್ಡ ಬದಲಾವಣೆ ಬಂದದ್ದು 1989ರಲ್ಲಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜೇಮ್ಸ್ ಆಸ್ಪ್ನೆಸ್ ಎಂಬ ವಿದ್ಯಾರ್ಥಿ ಟೈನಿಮಡ್ ಎಂಬ ಚಿಕ್ಕ ಆಟ ಬರೆದ. ಅದರಲ್ಲಿ ರಾಕ್ಷಸರನ್ನು ಕೊಂದು ಅಂಕ ಗಳಿಸುವ ಗೋಜಿಲ್ಲ. ಬದಲಿಗೆ ಯಾರು ಬೇಕಾದರೂ ಹೊಸ ಕೋಣೆ, ಹೊಸ ಬೀದಿ, ಹೊಸ ಸಾಮಾನು ಕಟ್ಟಬಹುದು. ಅಲ್ಲಿಯವರೆಗೆ ಹೆಚ್ಚಿನ ಕಡೆ ಕಟ್ಟುವವರು ಬೇರೆ, ಆಡುವವರು ಬೇರೆ ಆಗಿದ್ದರು. ಟೈನಿಮಡ್ ಆ ಗೋಡೆಯನ್ನು ತೆಗೆದುಹಾಕಿತು.

ಜನ ಮುಗಿಬಿದ್ದು ಕಟ್ಟಿದರು. ಒಬ್ಬರು ಅಂಗಡಿ ಬರೆದರೆ ಇನ್ನೊಬ್ಬರು ಅದರ ಹಿತ್ತಲಲ್ಲಿ ತೋಟ ಬರೆದರು. ಆಟ ದಿನದಿನಕ್ಕೆ ಊದಿಕೊಂಡು ಯಂತ್ರಕ್ಕೇ ಭಾರವಾಯಿತು. 1990ರ ಏಪ್ರಿಲ್‌ನಲ್ಲಿ ಆ ಮೊದಲ ಟೈನಿಮಡ್ ಮುಚ್ಚಿತು. ಒಂದು ವರ್ಷವೂ ತುಂಬಿರಲಿಲ್ಲ.

ಆದರೆ ಆಟದ ಪ್ರೋಗ್ರಾಂ ಆಗಲೇ ಕೈಯಿಂದ ಕೈಗೆ ಹಂಚಿಹೋಗಿತ್ತು. ಬೇರೆ ಬೇರೆ ಕಾಲೇಜುಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿ ಅದೇ ಬೀಜ ಮೊಳೆಯಿತು. ಒಂದು ಕಡೆ ಗಿಡ ಒಣಗಿದರೂ ಬೀಜ ಹತ್ತು ಮನೆಯಲ್ಲಿದ್ದರೆ ತಳಿ ಉಳಿಯುತ್ತದೆ ಎಂಬುದು ರಾಗಿ, ಜೋಳ ಬೆಳೆಯುವವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅಲ್ಲಿ ಹರಡಿದ್ದು ಪ್ರೋಗ್ರಾಂ. ಆಟಗಾರರು ಕಟ್ಟಿದ ಕೋಣೆ, ಬೀದಿ, ತೋಟಗಳು ಆ ಯಂತ್ರದ ಜೊತೆಗೇ ನಿಂತುಹೋದವು.

ಅದೇ 1989ರಲ್ಲಿ ಸ್ವೀಡನ್ನಿನ ಲಾರ್ಸ್ ಪೆನ್‌ಶೋ ಎಂಬಾತ ಎಲ್‌ಪಿಮಡ್ ಬರೆದ. ಇದರಲ್ಲಿ ಆಡಿ ಆಡಿ ಮೇಲೆ ಬಂದವರಿಗೆ ಆಟದ ಒಳಗೇ ಪ್ರೋಗ್ರಾಂ ಬರೆಯುವ ಹಕ್ಕು ಸಿಗುತ್ತಿತ್ತು. ಒಬ್ಬೊಬ್ಬರು ಒಂದೊಂದು ಸೀಮೆಯನ್ನೇ ಕಟ್ಟಿದರು. ಆಗ ಹೊಸ ತಕರಾರು ಶುರುವಾಯಿತು. ಜಗಳವಾಗಿ ಒಬ್ಬಾತ ಬಿಟ್ಟುಹೋದರೆ, ಅವನು ಕಟ್ಟಿದ ಸೀಮೆಯನ್ನು ಅಳಿಸಿಕೊಂಡು ಹೋಗಬಹುದೇ? ಅಥವಾ ಒಮ್ಮೆ ಕೊಟ್ಟದ್ದು ಕೊಟ್ಟಂತೆಯೇ? ಇದಕ್ಕೆ ಒಂದೊಂದು ಆಟದವರು ಒಂದೊಂದು ನಿಯಮ ಮಾಡಿಕೊಂಡರು. ಮೊದಲೇ ನಿಯಮ ಬರೆದಿಟ್ಟುಕೊಂಡವರಿಗೆ ಜಗಳ ಬಂದ ದಿನ ತೋರಿಸಲು ಒಂದು ಕಾಗದವಾದರೂ ಇತ್ತು.

ಮತ ಹಾಕಿದ ಆಟ

ಒಡೆತನ ಎಂದರೆ ಬರೀ ಆಸ್ತಿಯಲ್ಲ, ತೀರ್ಮಾನ ಮಾಡುವ ಅಧಿಕಾರವೂ ಹೌದು. ಇದನ್ನು ತೋರಿಸಿಕೊಟ್ಟದ್ದು ಲ್ಯಾಂಬ್ಡಾಮೂ ಎಂಬ ಆಟ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಪಾವೆಲ್ ಕರ್ಟಿಸ್ ಇದನ್ನು 1990ರಲ್ಲಿ ಶುರು ಮಾಡಿದರು. ಟೈನಿಮಡ್‌ನಂತೆ ಇದೂ ಅಕ್ಷರದ ಲೋಕ. ದೊಡ್ಡದೊಂದು ಮನೆ, ಅದರ ಸುತ್ತ ಆಟಗಾರರೇ ಕಟ್ಟಿದ ನೂರಾರು ಕೋಣೆಗಳು. ಕೆಲವೇ ವರ್ಷಗಳಲ್ಲಿ ಸಾವಿರಾರು ಜನ ಹೆಸರು ನೋಂದಾಯಿಸಿದರು.

ಜನ ಹೆಚ್ಚಿದಂತೆ ತಗಾದೆಯೂ ಹೆಚ್ಚಿತು. ಯಂತ್ರದಲ್ಲಿ ಜಾಗ ಕಡಿಮೆ, ಯಾರಿಗೆ ಎಷ್ಟು ಕೊಡಬೇಕು? ಇವನು ಬೈದ, ಅವಳು ಮಾತು ಕದ್ದು ಕೇಳಿದಳು, ನ್ಯಾಯ ಹೇಳುವವರು ಯಾರು? ಎಲ್ಲ ದೂರೂ ವಿಝರ್ಡ್‌ಗಳ ಬಾಗಿಲಿಗೇ ಬರುತ್ತಿತ್ತು. ಅವರಿಗೆ ಸಾಕಾಗಿಹೋಯಿತು. 1992ರ ಡಿಸೆಂಬರ್‌ನಲ್ಲಿ ಕರ್ಟಿಸ್ ಒಂದು ಪ್ರಕಟಣೆ ಹೊರಡಿಸಿದರು. ಇನ್ನು ಮುಂದೆ ವಿಝರ್ಡ್‌ಗಳು ಯಂತ್ರ ನೋಡಿಕೊಳ್ಳುವ ಕೆಲಸಗಾರರು ಮಾತ್ರ, ಆಟಗಾರರ ನಡುವಿನ ಜಗಳಕ್ಕೆ ಕೈಹಾಕುವುದಿಲ್ಲ ಎಂಬುದು ಅದರ ಸಾರ. ನಿಮ್ಮ ಊರು, ನೀವೇ ನಡೆಸಿಕೊಳ್ಳಿ ಎಂದ ಹಾಗೆ.

ಮೂರೇ ತಿಂಗಳಿಗೆ ಪರೀಕ್ಷೆ ಬಂತು. 1993ರ ಮಾರ್ಚ್‌ನಲ್ಲಿ 'ಮಿಸ್ಟರ್ ಬಂಗಲ್' ಎಂಬ ಹೆಸರಿನಲ್ಲಿ ಬಂದ ಆಟಗಾರನೊಬ್ಬ ಒಂದು ಕುತಂತ್ರದ ಪ್ರೋಗ್ರಾಂ ಬಳಸಿದ. ಬೇರೆ ಆಟಗಾರರ ಪಾತ್ರಗಳ ಮೇಲೆ ಲೈಂಗಿಕ ಹಿಂಸೆ ನಡೆಸಿದಂತೆ, ಆ ಪಾತ್ರಗಳು ತಾವಾಗಿಯೇ ಹೇಸಿಗೆಯ ಕೆಲಸ ಮಾಡಿದಂತೆ ಎಲ್ಲರೆದುರು ಸಾಲುಗಳನ್ನು ಹರಿಸಿದ. ಅಕ್ಷರವೇ ಆದರೂ ಆ ಪಾತ್ರಗಳ ಹಿಂದಿದ್ದ ಹೆಂಗಸರಿಗೆ ಆದ ನೋವು ನಿಜವಾದದ್ದು. ಈ ಘಟನೆಯ ಬಗ್ಗೆ ಪತ್ರಕರ್ತ ಜೂಲಿಯನ್ ಡಿಬೆಲ್ ಅದೇ ವರ್ಷದ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ 'ವಿಲೇಜ್ ವಾಯ್ಸ್' ಪತ್ರಿಕೆಯಲ್ಲಿ ಬರೆದ ಲೇಖನವನ್ನು ಇಂದಿಗೂ ಕಾಲೇಜುಗಳಲ್ಲಿ ಓದಿಸುತ್ತಾರೆ.

ಆಟಗಾರರು ಸಭೆ ಸೇರಿದರು. ಅವನನ್ನು ಹೊರಹಾಕಬೇಕು ಎಂದವರು ಬಹಳ. ಆದರೆ ಯಾರು ಹೊರಹಾಕಬೇಕು, ಯಾವ ನಿಯಮದ ಮೇಲೆ ಎಂದು ಯಾರಿಗೂ ಹೇಳಲಾಗಲಿಲ್ಲ. ಗಂಟೆಗಟ್ಟಲೆ ಮಾತಾಡಿದರೂ ಸಭೆ ಬರಿಗೈಯಲ್ಲಿ ಮುಗಿಯಿತು. ಕೊನೆಗೆ ಒಬ್ಬ ವಿಝರ್ಡ್ ತನ್ನ ಸ್ವಂತ ಜವಾಬ್ದಾರಿಯ ಮೇಲೆ ಆ ಪಾತ್ರವನ್ನು ಅಳಿಸಿಹಾಕಿದ.

ಊರಿಗೆ ಹೋಗಿದ್ದ ಕರ್ಟಿಸ್ ವಾಪಸ್ ಬಂದು ನಡೆದದ್ದನ್ನೆಲ್ಲ ಓದಿದರು. ಅಧಿಕಾರ ಬಿಟ್ಟುಕೊಟ್ಟರೆ ಸಾಲದು, ಅದನ್ನು ಹಿಡಿದುಕೊಳ್ಳಲು ಜನರಿಗೆ ಒಂದು ಹಿಡಿಕೆಯೂ ಬೇಕು ಎಂಬುದು ಅವರಿಗೆ ಅರ್ಥವಾಗಿರಬೇಕು. ಅರ್ಜಿ ಮತ್ತು ಮತದಾನದ ಪದ್ಧತಿ ತಂದರು. ಯಾವ ಆಟಗಾರನಾದರೂ ಅರ್ಜಿ ಹಾಕಬಹುದು. ಸಾಕಷ್ಟು ಸಹಿ ಬಿದ್ದರೆ, ಮಾಡಲು ಸಾಧ್ಯವಿರುವ ಕೆಲಸವೇ ಎಂದು ವಿಝರ್ಡ್‌ಗಳು ನೋಡುತ್ತಾರೆ. ಆಮೇಲೆ ಎಲ್ಲರೂ ಮತ ಹಾಕುತ್ತಾರೆ. ಬೇಡ ಎಂದವರಿಗಿಂತ ಬೇಕು ಎಂದವರು ಎರಡು ಪಟ್ಟಾದರೂ ಇದ್ದರೆ ಅದು ನಿಯಮವಾಗುತ್ತದೆ.

ಒಂದು ಅಕ್ಷರದ ಆಟದಲ್ಲಿ ಗ್ರಾಮಸಭೆಯೇ ನಡೆಯಿತು ಎನ್ನಿ. ಗ್ರಾಮಸಭೆಯ ಕಷ್ಟಗಳೂ ಬಂದವು. ಗುಂಪುಗಳು ಹುಟ್ಟಿದವು, ನ್ಯಾಯ ಪಂಚಾಯಿತಿಯ ಮೇಲೆ ಪಕ್ಷಪಾತದ ಆರೋಪ ಬಂತು. 1996ರಲ್ಲಿ ವಿಝರ್ಡ್‌ಗಳು ಮತ್ತೊಂದು ಪ್ರಕಟಣೆ ಕೊಟ್ಟರು. ಯಂತ್ರದ ಕೆಲಸ ಬೇರೆ, ಜನರ ಜಗಳ ಬೇರೆ ಎಂದು ಗೆರೆ ಎಳೆಯುವುದು ಆಗದ ಮಾತು, ಅಗತ್ಯ ಬಿದ್ದಾಗ ನಾವೇ ತೀರ್ಮಾನ ತೆಗೆದುಕೊಳ್ಳುತ್ತೇವೆ ಎಂದರು.

ಅಲ್ಲಿಗೆ ಪ್ರಯೋಗ ಸೋತಿತು ಎಂದು ಕೆಲವರು ಹೇಳುತ್ತಾರೆ. ನಮಗೆ ಹಾಗನ್ನಿಸುವುದಿಲ್ಲ. ಮತದಾನ ಇದ್ದಾಗಲೂ ಯಂತ್ರದ ಬೀಗದ ಕೈ ವಿಝರ್ಡ್‌ಗಳ ಸೊಂಟದಲ್ಲೇ ಇತ್ತು. 1996ರಲ್ಲಿ ಅವರು ಹೇಳಿದ್ದು ಆ ಸತ್ಯವನ್ನು. ಬೀಗದ ಕೈ ಹಿಡಿದವರು ತಾವು ಹಿಡಿದಿದ್ದೇವೆ ಎಂದು ಬಾಯಿಬಿಟ್ಟು ಹೇಳುವುದೂ ಒಂದು ಪ್ರಾಮಾಣಿಕತೆ.

ಕಾಗದದ ಬಲ

ಇದೇ ಕಾಲದಲ್ಲಿ ಡೆನ್ಮಾರ್ಕಿನ ವಿದ್ಯಾರ್ಥಿಗಳು ಬೇರೆ ದಾರಿ ಹಿಡಿದರು. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗಕ್ಕೆ ಡಿಕು ಎಂದು ಚಿಕ್ಕ ಹೆಸರು. ಅಲ್ಲಿನ ಐವರು ಗೆಳೆಯರು 1990ರಿಂದ 1991ರ ಹೊತ್ತಿಗೆ ಡಿಕುಮಡ್ ಎಂಬ ಆಟ ಬರೆದು ಎಲ್ಲರಿಗೂ ಪುಕ್ಕಟೆ ಹಂಚಿದರು. ಜೊತೆಗೆ ಒಂದು ಪುಟ್ಟ ಪರವಾನಗಿ ಬರೆದಿಟ್ಟರು. ಯಾರು ಬೇಕಾದರೂ ಬಳಸಿ, ಬದಲಾಯಿಸಿ. ಆದರೆ ಇದರಿಂದ ಲಾಭ ಮಾಡಬಾರದು. ಆಟ ತೆರೆದಾಗ ಮೂಲ ಕರ್ತೃಗಳ ಹೆಸರು ಕಾಣಬೇಕು.

ಡಿಕುಮಡ್‌ನಿಂದ ನೂರಾರು ಮರಿ ಆಟಗಳು ಹುಟ್ಟಿದವು. ಬಹುತೇಕ ಎಲ್ಲವನ್ನೂ ನಡೆಸಿದವರು ಸ್ವಯಂಸೇವಕರೇ. 1999ರಲ್ಲಿ ಎವರ್‌ಕ್ವೆಸ್ಟ್ ಎಂಬ ದೊಡ್ಡ ಕಂಪನಿ ಆಟ ಬಂದಾಗ, ಇದರ ಒಳಗೆ ಡಿಕುಮಡ್‌ನ ಕೋಡ್ ಇದೆಯೇ ಎಂಬ ಅನುಮಾನ ಎದ್ದಿತು. ಇಲ್ಲ, ನಮ್ಮ ಕೋಡ್ ನಾವೇ ಬರೆದದ್ದು ಎಂದು ಎವರ್‌ಕ್ವೆಸ್ಟ್ ತಯಾರಿಸಿದವರು 2000ರಲ್ಲಿ ಪ್ರಮಾಣ ಮಾಡಿ ಸಹಿ ಹಾಕಿದ ಹೇಳಿಕೆ ಕೊಟ್ಟರು. ಡೆನ್ಮಾರ್ಕಿನ ಐವರೂ ಅದನ್ನು ಒಪ್ಪಿದರು.

ಇಲ್ಲಿ ಗಮನಿಸಬೇಕಾದ್ದು ಜಗಳವನ್ನಲ್ಲ. ಸಂಬಳವಿಲ್ಲದ ಐದು ವಿದ್ಯಾರ್ಥಿಗಳು ಬರೆದಿಟ್ಟ ಒಂದು ಹಾಳೆಗೆ ಸಾಗರದಾಚೆಯ ಕಂಪನಿ ಉತ್ತರ ಕೊಡಬೇಕಾಯಿತು. ಬರೆದಿಡದೇ ಇದ್ದಿದ್ದರೆ ಕೇಳುವ ಹಕ್ಕೇ ಇರುತ್ತಿರಲಿಲ್ಲ.

ಅದೇ ದೇಶದ ಓರ್ಹುಸ್ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು 1995ರ ಕೊನೆಯಲ್ಲಿ ಫ್ರೀಸಿವ್ ಎಂಬ ಆಟ ಬರೆಯಲು ಕೂತರು. 1996ರ ಜನವರಿಯಲ್ಲಿ ಹಂಚಿದರು. ನಾಗರಿಕತೆಯೊಂದನ್ನು ಶುರುವಿನಿಂದ ಬೆಳೆಸುವ ಆಟ ಅದು. ಅವರು ಆರಿಸಿಕೊಂಡ ಪರವಾನಗಿ ಜಿಪಿಎಲ್. ಇದನ್ನು ರೂಪಿಸಿದವರು ರಿಚರ್ಡ್ ಸ್ಟಾಲ್‌ಮನ್, 1989ರಲ್ಲಿ. ಅದರ ಷರತ್ತು ಸರಳ. ಯಾರು ಬೇಕಾದರೂ ತೆಗೆದುಕೊಂಡು ಬದಲಾಯಿಸಬಹುದು, ಹಂಚಬಹುದು, ಮಾರಲೂಬಹುದು. ಆದರೆ ಬದಲಾಯಿಸಿ ಹಂಚಿದರೆ ಅದರ ಸೋರ್ಸ್ ಕೋಡನ್ನೂ ಅದೇ ಷರತ್ತಿನ ಮೇಲೆ ಕೊಡಬೇಕು.

ಮೂವರೂ ಓದು ಮುಗಿಸಿ ಆಟದಿಂದ ದೂರ ಸರಿದರು. ಆಟ ನಿಲ್ಲಲಿಲ್ಲ. ಬೇರೆ ದೇಶಗಳ ಸ್ವಯಂಸೇವಕರು ಕೈಗೆತ್ತಿಕೊಂಡರು, ಅವರು ದಣಿದಾಗ ಇನ್ನೊಬ್ಬರು ಬಂದರು. ಮೂಲದವರ ಅನುಮತಿಗೆ ಕಾಯಬೇಕಿರಲಿಲ್ಲ, ಯಾಕೆಂದರೆ ಅನುಮತಿ ಮೊದಲ ದಿನವೇ ಬರಹದಲ್ಲಿತ್ತು. ಯಾರೊಬ್ಬರ ಹೆಸರಿನಲ್ಲೂ ಪಹಣಿ ಮಾಡಿಸಿಕೊಳ್ಳಲಾಗದ ಗೋಮಾಳದಂತೆ ಅದು ಉಳಿಯಿತು. ಹುಲ್ಲು ಎಲ್ಲರಿಗೂ ಉಂಟು, ಬೇಲಿ ಹಾಕುವ ಹಕ್ಕು ಯಾರಿಗೂ ಇಲ್ಲ.

ಸೇವೆಯೋ, ಬಿಟ್ಟಿ ಚಾಕರಿಯೋ?

ಇಷ್ಟು ಹೊತ್ತಿಗೆ ಆನ್‌ಲೈನ್ ಆಟದಲ್ಲಿ ಹಣವಿದೆ ಎಂಬುದು ಕಂಪನಿಗಳಿಗೆ ತಿಳಿದಿತ್ತು. 1997ರಲ್ಲಿ ಅಲ್ಟಿಮಾ ಆನ್‌ಲೈನ್ ಬಂತು. ತಿಂಗಳಿಗೆ ಇಷ್ಟು ಎಂದು ಹಣ ಕಟ್ಟಿ ಆಡಬೇಕಾದ ಆಟ. ಅದರಲ್ಲೂ ಹೊಸಬರಿಗೆ ಸಹಾಯ ಮಾಡಲು ಆಟಗಾರರಿಂದಲೇ ಸ್ವಯಂಸೇವಕರನ್ನು ಆರಿಸಿಕೊಂಡರು. ಎಸೆಕ್ಸ್‌ನ ವಿಝರ್ಡ್‌ಗಳ ಪದ್ಧತಿಯೇ, ಆದರೆ ಈ ಸಲ ಗಲ್ಲಾಪೆಟ್ಟಿಗೆಯ ಹಿಂದೆ ಕಂಪನಿಯೊಂದು ಕೂತಿತ್ತು.

2000ದಲ್ಲಿ ಅಂಥ ಸ್ವಯಂಸೇವಕರಲ್ಲಿ ಕೆಲವರು ಅಮೆರಿಕದ ಕೊಲೊರಾಡೊದಲ್ಲಿ ಕೋರ್ಟಿಗೆ ಹೋದರು. ನಾವು ಮಾಡಿದ್ದು ನೌಕರರ ಕೆಲಸ, ಕಾನೂನಿನಂತೆ ಕನಿಷ್ಠ ವೇತನ ಸಿಗಬೇಕು ಎಂಬುದು ಅವರ ವಾದ. ಅದಕ್ಕೆ ಒಂದು ವರ್ಷ ಮೊದಲೇ, 1999ರಲ್ಲಿ, ಇಂಟರ್ನೆಟ್ ಕಂಪನಿ ಎಒಎಲ್‌ನ ಸ್ವಯಂಸೇವಕರೂ ಇದೇ ವಾದ ಹೂಡಿದ್ದರು. ಮಾತುಕತೆಯ ಕೋಣೆಗಳನ್ನು ನೋಡಿಕೊಳ್ಳುತ್ತಿದ್ದವರು ಅವರು. ಆ ಮೊಕದ್ದಮೆ ಹತ್ತು ವರ್ಷಕ್ಕೂ ಮೀರಿ ನಡೆದು ಕೊನೆಗೆ 1.5 ಕೋಟಿ ಡಾಲರ್‌ಗೆ ರಾಜಿಯಾಯಿತು.

ಕೆಲಸ ಅದೇ, ಕೈಗಳೂ ಅದೇ. ಲಾಭವಿಲ್ಲದ ಕಡೆ ಮಾಡಿದರೆ ಸೇವೆ. ಒಬ್ಬರು ಎಣಿಸಿಕೊಳ್ಳುತ್ತಿರುವಾಗ ಇನ್ನೊಬ್ಬರು ಪುಕ್ಕಟೆ ದುಡಿದರೆ ಅದಕ್ಕೆ ಬೇರೆಯೇ ಹೆಸರು.

ಬಕಿಟ್ ಕಥೆ, 2014

ಈ ಎಲ್ಲ ಎಳೆಗಳೂ ಒಂದೇ ಕಡೆ ಗಂಟು ಬಿದ್ದದ್ದು ಮೈನ್‌ಕ್ರಾಫ್ಟ್ ಆಟದಲ್ಲಿ. ಚೌಕ ಇಟ್ಟಿಗೆಗಳಿಂದ ಲೋಕ ಕಟ್ಟುವ ಈ ಆಟವನ್ನು ನಮ್ಮ ಹಳ್ಳಿಯ ಮಕ್ಕಳೂ ಬಲ್ಲರು. ಸ್ವೀಡನ್ನಿನ ಮಾರ್ಕಸ್ ಪೆರ್ಸನ್ 2009ರಲ್ಲಿ ಇದನ್ನು ಹೊರತಂದರು. ಅವರ ಕಂಪನಿಯ ಹೆಸರು ಮೊಜಾಂಗ್.

ಮೈನ್‌ಕ್ರಾಫ್ಟ್‌ನಲ್ಲಿ ಯಾರು ಬೇಕಾದರೂ ತಮ್ಮದೇ ಸರ್ವರ್ ಇಟ್ಟುಕೊಂಡು ಗೆಳೆಯರನ್ನು ಕರೆಯಬಹುದು. ಆದರೆ ಕಂಪನಿ ಕೊಟ್ಟ ಸರ್ವರ್ ಪ್ರೋಗ್ರಾಂನಲ್ಲಿ ಅನುಕೂಲ ಕಡಿಮೆ. ಕಳ್ಳತನ ತಡೆಯಲು, ಜಾಗ ಹಂಚಲು, ಹೊಸ ಆಟ ಸೇರಿಸಲು ದಾರಿ ಇರಲಿಲ್ಲ. 2010ರ ಕೊನೆಯಲ್ಲಿ ಕೆಲವು ಸ್ವಯಂಸೇವಕರು ಬಕಿಟ್ ಎಂಬ ಯೋಜನೆ ಶುರು ಮಾಡಿ ಈ ಕೊರತೆ ತುಂಬಿದರು. ಬಕಿಟ್ ಮೇಲೆ ಸಾವಿರಾರು ಪ್ಲಗಿನ್‌ಗಳನ್ನು ಬೇರೆ ಬೇರೆ ದೇಶಗಳ ಜನ ಪುಕ್ಕಟೆ ಬರೆದು ಹಂಚಿದರು. ದೊಡ್ಡ ಸರ್ವರ್‌ಗಳೆಲ್ಲ ನಿಂತದ್ದು ಇದರ ಮೇಲೆ.

2012ರಲ್ಲಿ ಮೊಜಾಂಗ್ ಬಕಿಟ್‌ನ ನಾಲ್ವರು ಮುಖ್ಯರನ್ನು ಕೆಲಸಕ್ಕೆ ತೆಗೆದುಕೊಂಡಿತು. ಎಲ್ಲರೂ ಸಂತೋಷಪಟ್ಟರು. ಉಳಿದ ಸ್ವಯಂಸೇವಕರು ಬಕಿಟ್ ಕೆಲಸ ಮುಂದುವರಿಸಿದರು.

2014ರ ಆಗಸ್ಟ್‌ನಲ್ಲಿ ಯೋಜನೆಯ ಮುಖ್ಯಸ್ಥರು ಇನ್ನು ಬಕಿಟ್ ನಡೆಸಲಾಗದು, ಮುಚ್ಚುತ್ತೇವೆ ಎಂದು ಘೋಷಿಸಿದರು. ಆಗ ಮೊಜಾಂಗ್ ಕಡೆಯಿಂದ ಮಾತು ಬಂತು. ಮುಚ್ಚಲು ಅದು ನಿಮ್ಮದಲ್ಲ, ಅವತ್ತು ಕೆಲಸಕ್ಕೆ ತೆಗೆದುಕೊಂಡಾಗಲೇ ಬಕಿಟ್ ನಮ್ಮದಾಗಿದೆ. ಎರಡು ವರ್ಷಕ್ಕೂ ಹೆಚ್ಚು ಕಾಲ ಈ ಒಡೆತನ ಬಹಿರಂಗವಾಗಿರಲಿಲ್ಲ. ಸಮುದಾಯದ ಕೆಲಸ ಎಂದು ಪುಕ್ಕಟೆ ದುಡಿದವರಿಗೆ, ತಾವು ಅಷ್ಟು ದಿನ ಕಂಪನಿಯೊಂದರ ಆಸ್ತಿಗೆ ಬೆವರು ಸುರಿಸಿದ್ದು ಆಗ ತಿಳಿಯಿತು.

ಸೆಪ್ಟೆಂಬರ್ ಮೊದಲ ವಾರದಲ್ಲಿ ಬಹಳಷ್ಟು ಕೋಡ್ ಬರೆದಿದ್ದ ಒಬ್ಬ ಸ್ವಯಂಸೇವಕ ಕಾಪಿರೈಟ್ ನೋಟಿಸ್ ಕಳಿಸಿದ. ಅವನ ವಾದ ಹೀಗಿತ್ತು. ನನ್ನ ಕೋಡನ್ನು ನಾನು ಕೊಟ್ಟದ್ದು ಜಿಪಿಎಲ್ ಮಾದರಿಯ ಪರವಾನಗಿಯ ಮೇಲೆ. ಅದರ ಪ್ರಕಾರ ಒಟ್ಟಿಗೆ ಹಂಚುವ ಎಲ್ಲದರ ಸೋರ್ಸ್ ಕೋಡನ್ನೂ ತೆರೆದಿಡಬೇಕು. ಬಕಿಟ್‌ನ ಸರ್ವರ್ ಪ್ರೋಗ್ರಾಂನಲ್ಲಿ ನನ್ನ ಕೋಡ್ ಜೊತೆ ಮೊಜಾಂಗ್‌ನ ಮುಚ್ಚಿದ ಕೋಡ್ ಬೆರೆತಿದೆ. ಒಂದೋ ಅದನ್ನೂ ತೆರೆಯಿರಿ, ಇಲ್ಲವೇ ನನ್ನದನ್ನು ಹಂಚಬೇಡಿ.

ನಮ್ಮ ಕೋಡನ್ನು ಆ ಪರವಾನಗಿಗೆ ಸೇರಿಸಲು ನಾವು ಯಾರಿಗೂ ಅನುಮತಿ ಕೊಟ್ಟಿಲ್ಲ ಎಂದಿತು ಮೊಜಾಂಗ್. ಇಬ್ಬರೂ ತಮ್ಮ ಪಟ್ಟು ಬಿಡಲಿಲ್ಲ. ಡೌನ್‌ಲೋಡ್ ನಿಂತುಹೋಯಿತು. ಬಾಂದು ಕಲ್ಲು ನೆಡದೆ ಎರಡು ಹೊಲ ಒಂದಾಗಿ ಉಳುತ್ತಾ ಬಂದು, ಕೊನೆಗೊಂದು ದಿನ ಯಾರೂ ಉಳದಂತಾಯಿತು. ಅದೇ ಸೆಪ್ಟೆಂಬರ್ 15ರಂದು ಮೈಕ್ರೋಸಾಫ್ಟ್ ಮೊಜಾಂಗ್ ಕಂಪನಿಯನ್ನು 250 ಕೋಟಿ ಡಾಲರ್‌ಗೆ ಕೊಳ್ಳುತ್ತಿರುವುದಾಗಿ ಪ್ರಕಟಿಸಿತು.

ಆದರೂ ಸ್ವಯಂಸೇವಕರು ಕೈಕಟ್ಟಿ ಕೂರಲಿಲ್ಲ. ಸ್ಪಿಗಟ್ ಎಂಬ ಇನ್ನೊಂದು ತಂಡ ಒಂದು ಉಪಾಯ ಕಂಡುಹಿಡಿಯಿತು. ಪೂರ್ತಿ ಪ್ರೋಗ್ರಾಂ ಹಂಚಿದರೆ ತಾನೇ ತಕರಾರು? ನಾವು ಮಾಡಿದ ಬದಲಾವಣೆಗಳನ್ನು ಮಾತ್ರ ಹಂಚುತ್ತೇವೆ. ಕಂಪನಿಯ ಪ್ರೋಗ್ರಾಂ ಅನ್ನು ಕಂಪನಿಯಿಂದಲೇ ಇಳಿಸಿಕೊಂಡು, ಎರಡನ್ನೂ ನಿಮ್ಮ ನಿಮ್ಮ ಕಂಪ್ಯೂಟರಿನಲ್ಲೇ ಸೇರಿಸಿಕೊಳ್ಳಿ ಎಂದರು. ಒಗ್ಗರಣೆ ನಮ್ಮದು, ಅನ್ನ ನಿಮ್ಮ ಮನೆಯದು ಎಂದ ಹಾಗೆ. ಆ ದಾರಿ ಹಿಡಿದು ಮೈನ್‌ಕ್ರಾಫ್ಟ್‌ನ ಸಮುದಾಯ ಸರ್ವರ್‌ಗಳು ಮುಂದುವರಿದವು.

ಮುಚ್ಚಿದ ಊರಿಗೆ ಮತ್ತೆ ದೀಪ

ಇನ್ನೊಂದು ಕಥೆ ಹೇಳಿ ಮುಗಿಸುತ್ತೇವೆ. ಸಿಟಿ ಆಫ್ ಹೀರೋಸ್ ಎಂಬ ಆಟ 2004ರಲ್ಲಿ ಬಂತು. ಆಡುವವರೇ ಸೂಪರ್‌ಹೀರೋ ಆಗಿ ಒಂದು ನಗರ ಕಾಯುವ ಆಟ. ಅದರ ಒಡೆತನ ದಕ್ಷಿಣ ಕೊರಿಯಾದ ಎನ್‌ಸಿಸಾಫ್ಟ್ ಕಂಪನಿಗೆ ಹೋಯಿತು. 2012ರ ನವೆಂಬರ್ 30ರಂದು ಕಂಪನಿ ಆಟವನ್ನು ನಿಲ್ಲಿಸಿತು. ಆಟಗಾರರು ಸಹಿ ಸಂಗ್ರಹಿಸಿದರು, ಪತ್ರ ಬರೆದರು, ಏನೂ ಫಲವಾಗಲಿಲ್ಲ. ಎಂಟು ವರ್ಷ ಬೆಳೆಸಿದ ಪಾತ್ರ, ಗೆಳೆತನ, ಬರೆದ ಕಥೆ ಎಲ್ಲದರ ಸರ್ವರ್ ಒಂದೇ ರಾತ್ರಿಯಲ್ಲಿ ಆರಿತು.

2019ರಲ್ಲಿ ಒಂದು ಗುಟ್ಟು ಹೊರಬಿತ್ತು. ಕೆಲವೇ ಜನ ಸೇರಿ ವರ್ಷಗಳಿಂದ ಈ ಆಟವನ್ನು ಕದ್ದುಮುಚ್ಚಿ ನಡೆಸುತ್ತಿದ್ದರು. ಆಟಗಾರರಿಗೆ ಸಿಟ್ಟು ಬಂದದ್ದು ಕಂಪನಿಯ ಮೇಲಲ್ಲ, ಆ ಗುಂಪಿನ ಮೇಲೆ. ಎಲ್ಲರದ್ದಾಗಿದ್ದ ನೆನಪನ್ನು ನೀವು ಮಾತ್ರ ಹೇಗೆ ಬಚ್ಚಿಟ್ಟುಕೊಂಡಿರಿ ಎಂಬುದು ಅವರ ಪ್ರಶ್ನೆ. ಒತ್ತಡಕ್ಕೆ ಕೋಡ್ ಹೊರಬಂತು, ಹಲವು ಸರ್ವರ್‌ಗಳು ಹುಟ್ಟಿದವು. ಅವುಗಳಲ್ಲಿ ದೊಡ್ಡದು ಹೋಂಕಮಿಂಗ್. ಸ್ವಯಂಸೇವಕರೇ ನಡೆಸುವ, ಖರ್ಚಿಗೆ ಬೇಕಾದಷ್ಟನ್ನು ದೇಣಿಗೆಯಿಂದ ಹೊಂದಿಸಿಕೊಳ್ಳುವ ಸರ್ವರ್.

ಕಾನೂನಿನ ಕಣ್ಣಲ್ಲಿ ಅದು ಇನ್ನೊಬ್ಬರ ಜಾಗದಲ್ಲಿ ಕಟ್ಟಿದ ಗುಡಿಸಲು. ಯಾವ ದಿನ ಬೇಕಾದರೂ ನೋಟಿಸ್ ಬರಬಹುದಿತ್ತು. ತಂಡದವರು ತಲೆಮರೆಸಿಕೊಳ್ಳದೆ ಕಂಪನಿಯ ಜೊತೆ ಮಾತಿಗೆ ಕೂತರು. ವರ್ಷಗಳ ಮಾತುಕತೆಯ ನಂತರ 2024ರ ಜನವರಿಯಲ್ಲಿ ಎನ್‌ಸಿಸಾಫ್ಟ್ ಹೋಂಕಮಿಂಗ್‌ಗೆ ಲಿಖಿತ ಪರವಾನಗಿ ಕೊಟ್ಟಿತು. ಆಟದ ಹಕ್ಕು ಕಂಪನಿಯದೇ. ನಡೆಸುವ ಹಕ್ಕು ಆಟಗಾರರದು. ಗುಡಿಸಲಿಗೆ ಹಕ್ಕುಪತ್ರ ಸಿಕ್ಕಿತು.

ಲೆಕ್ಕ ಹಾಕಿದರೆ

ಎಸೆಕ್ಸ್‌ನಿಂದ ಹೋಂಕಮಿಂಗ್‌ವರೆಗೆ ಒಂದು ಮಾತು ಮತ್ತೆ ಮತ್ತೆ ಸಿಗುತ್ತದೆ. ಕಟ್ಟಿದ ಮಾತ್ರಕ್ಕೆ ಒಡೆತನ ಬರಲಿಲ್ಲ. ಟೈನಿಮಡ್‌ನಲ್ಲಿ ಸಾವಿರ ಕೈಗಳು ಕಟ್ಟಿದ್ದು ಯಂತ್ರದ ಜೊತೆ ನಿಂತಿತು. ಲ್ಯಾಂಬ್ಡಾಮೂನಲ್ಲಿ ಮತ ಹಾಕುವ ಹಕ್ಕಿದ್ದರೂ ಬೀಗದ ಕೈ ಬೇರೆಯವರ ಬಳಿ ಇತ್ತು. ಬಕಿಟ್‌ನಲ್ಲಿ ಕಾಗದವೇನೋ ಇತ್ತು, ಆದರೆ ಅದರಲ್ಲಿ ಬರೆದದ್ದಕ್ಕೂ ನಡೆದದ್ದಕ್ಕೂ ತಾಳೆಯಾಗಲಿಲ್ಲ. ಬದುಕಿ ಉಳಿದದ್ದು ಫ್ರೀಸಿವ್, ಯಾಕೆಂದರೆ ಅಲ್ಲಿ ಮೊದಲ ದಿನವೇ ಎಲ್ಲರಿಗೂ ಎಲ್ಲವನ್ನೂ ಬರೆದುಕೊಟ್ಟಿದ್ದರು.

ನಿಮ್ಮಲ್ಲಿ ಕೆಲವರು ಆಟಕ್ಕೆ ನಕ್ಷೆ ಮಾಡುತ್ತಿರಬಹುದು. ಸರ್ವರ್ ನಡೆಸಲು ಕೈಜೋಡಿಸುತ್ತಿರಬಹುದು, ಆಟದ ಮಾತುಗಳನ್ನು ಕನ್ನಡಕ್ಕೆ ತರುತ್ತಿರಬಹುದು. ಒಳ್ಳೆಯ ಕೆಲಸ, ಮಾಡಿ. ಆದರೆ ಕೂರುವ ಮುಂಚೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಯಂತ್ರದ ಬೀಗದ ಕೈ ಯಾರ ಬಳಿ ಇದೆ? ನಾವು ಕೊಟ್ಟದ್ದು ಯಾವ ಪರವಾನಗಿಯ ಮೇಲೆ? ಹಣ ಬಂದರೆ ಲೆಕ್ಕ ಯಾರು ತೋರಿಸುತ್ತಾರೆ? ನಾಳೆ ನಾವು ಬಿಟ್ಟುಹೋದರೆ ಅಥವಾ ಅವರು ಮುಚ್ಚಿದರೆ, ನಾವು ಕಟ್ಟಿದ್ದರ ಒಂದು ಪ್ರತಿ ನಮ್ಮ ಕೈಯಲ್ಲಿ ಉಳಿಯುತ್ತದೆಯೇ?

ಈ ಪ್ರಶ್ನೆಗಳನ್ನು ಗೆಳೆಯರಲ್ಲಿ ಕೇಳಲು ಮುಜುಗರವಾಗುತ್ತದೆ ನಿಜ. ಅಣ್ಣತಮ್ಮಂದಿರ ನಡುವೆ ಕಾಗದ ಯಾಕೆ ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಆದರೆ ಹಿಸ್ಸೆ ಪತ್ರ ಬರೆಯಲು ಒಳ್ಳೆಯ ಹೊತ್ತು ಅಣ್ಣತಮ್ಮಂದಿರು ಚೆನ್ನಾಗಿರುವಾಗಲೇ.